ಪೂಜೆ ಮಾಡಬಾರದ ತಿಗರಿ

ಗೌನಿಪಲ್ಲಿ
12-8-1982

ಅಪ್ಪನಿಗೆ ರತ್ನಳ ನಮಸ್ಕಾರ.

ವರ್ಷದಿಂದ ಒಂದು ಕಾರ್ಡೂ ಹಾಕದವಳು ಈಗ ಬರೆದಿದ್ದಾಳೆಂದರೆ ಏನೋ ಬೇಕಾಗಿರಬೇಕು ಎಂದುಕೊಳ್ಳುತ್ತೀಯ. ಹೌದು, ಬೇಕಾಗಿದೆ. ಸುತ್ತಿ ಬಳಸಿ ಬರೆಯುವಷ್ಟು ಸಹನೆ ನನಗಿಲ್ಲ.

ನಿನ್ನ ಅಳಿಯ ಜೂನ್ ತಿಂಗಳಲ್ಲಿ ನಂಗಲಿಗೆ ಗಡಿಗೆ ಸಾಗಿಸುವಾಗ ಲಾರಿಯ ಮೇಲಿಂದ ಬಿದ್ದು ಬಲಗೈ ಮುರಿದುಕೊಂಡರು. ಮೂಳೆ ಕೂಡಿದೆ, ಬೆರಳುಗಳಿಗೆ ಹಿಡಿತ ಬರಲಿಲ್ಲ. "ಊಟ ಮಾಡೋಕೆ, ಅಂಗಿ ಗುಂಡಿ ಹಾಕ್ಕೊಳ್ಳೋಕೆ ಸಾಕಾಗುತ್ತೆ. ಗಡಿಗೆ ಮಾಡೋದು ಮಾತ್ರ ಮರೆತುಬಿಡಿ" ಎಂದು ಕೋಲಾರದ ಡಾಕ್ಟರು ಹೇಳಿದರು. ನಿನಗೆ ತಿಳಿಸಬೇಡ ಎಂದು ಇವರೇ ತಡೆದಿದ್ದರು, ನನ್ನ ಮೇಲೆ ಹಾರಾಡಬೇಡ.

ಎರಡು ತಿಂಗಳಿಂದ ನಮ್ಮ ತಿಗರಿ ನಿಂತಿದೆ. ನಾನು ಮದುವೆಯಾಗಿ ಬಂದಾಗ ಈ ಕುಂಬಾರಬೀದಿಯಲ್ಲಿ ಏಳು ತಿಗರಿ ತಿರುಗುತ್ತಿದ್ದವು. ನಮ್ಮದೂ ಹೋದರೆ ಉಳಿಯುವುದು ಎರಡು. ಇವರು ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಕಾವಲಿಗೆ ಸೇರುವ ಮಾತಾಡುತ್ತಿದ್ದಾರೆ. ಸೇರಿದರೆ ಈ ಮನೆಯಲ್ಲಿ ಮಣ್ಣಿನ ಕೆಲಸ ಮುಗಿದ ಹಾಗೆಯೇ.

ಈಗ ವಿಷಯ. ಸರ್ಕಾರದವರು ಕರೆಂಟಿನ ತಿಗರಿ ಕೊಡುತ್ತಾರಂತೆ. ಕೋಲು ಹಾಕಿ ತಿರುಗಿಸುವ ಹಾಗಿಲ್ಲ, ಸ್ವಿಚ್ಚು ಒತ್ತಿದರೆ ಮೋಟಾರು ತಿರುಗಿಸುತ್ತದೆ. ಕೋಲಾರದಲ್ಲಿ ಒಂದು ತಿಂಗಳು ಕಲಿತು, ಸಾಹೇಬರ ಎದುರಿಗೆ ಗಡಿಗೆ ಮಾಡಿ ತೋರಿಸಿದವರಿಗೆ ಯಂತ್ರ. ನಾನು ಕಲಿಯುತ್ತೇನೆ ಎಂದೆ. ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡು ಕೂತುಬಿಟ್ಟರು. "ಹೆಂಗಸು ಮಣ್ಣು ತುಳೀಬೋದು, ತಟ್ಬೋದು, ಕೆಮ್ಮಣ್ಣು ಬಳೀಬೋದು. ತಿಗರಿ ಮೇಲೆ ಕೈಯಿಟ್ರೆ ಸುಡೋಕಿಟ್ಟ ಗಡಿಗೆಯೆಲ್ಲ ಸೀಳೋಗ್ತವೆ ಕಣಮ್ಮ, ಮನೆ ಉಳಿಯಲ್ಲ" ಎಂದು ಒಂದೇ ಸಮನೆ ಹೇಳುತ್ತಿದ್ದಾರೆ. ಬೀದಿಯ ಹಿರಿಯ ಚನ್ನರಾಯಪ್ಪನವರನ್ನು ಕೇಳಿದರೆ, "ದೇವರಾಯಸಮುದ್ರದ ಆವಲಪ್ಪ ಏನ್ ಹೇಳಿದ್ರೆ ಅದು" ಎಂದರು.

ನೀನು ಕುಲದ ಯಜಮಾನ. ನಿನ್ನ ಮಾತನ್ನು ಇಲ್ಲಿ ಯಾರೂ ಮೀರುವುದಿಲ್ಲ. ಹೂಂ ಎಂದು ಒಂದು ಸಾಲು ಬರೆ, ಸಾಕು.

ರತ್ನ


ದೇವರಾಯಸಮುದ್ರ
25-8-1982

ಮಗಳು ವೆಂಕಟರತ್ನಮ್ಮನಿಗೆ,

ಅಳಿಯನ ಕೈ ಮುರಿದು ಎರಡು ತಿಂಗಳಾದ ಮೇಲೆ ಮಾವನಿಗೆ ಸುದ್ದಿ! ಹೇಳಿದ್ದರೆ ನಾನೇ ಬಂದು ಆಂಧ್ರದ ಪುತ್ತೂರಿಗೆ ಕರೆದುಕೊಂಡು ಹೋಗಿ ಮೂಳೆಗೆ ಕಟ್ಟು ಹಾಕಿಸುತ್ತಿರಲಿಲ್ಲವೇ? ಇರಲಿ. ನೀನು ಹಾರಾಡಬೇಡ ಎಂದಿದ್ದೀಯ, ಹಾರಾಡುವುದಿಲ್ಲ. ಎರಡು ಮೂಟೆ ರಾಗಿ ಕಳಿಸುತ್ತಿದ್ದೇನೆ, ಬೇಡ ಎನ್ನಬೇಡ.

ನೀನು ಕೇಳಿದ್ದಕ್ಕೆ ಉತ್ತರ: ಆಗದು. ತಿಗರಿ ನಮಗೆ ಶಿವನ ಪೀಠ. ಶಿವರಾತ್ರಿಯ ದಿನ ಅದಕ್ಕೆ ವಿಭೂತಿ ಬಳಿದು, ಅದರ ಮೇಲೆಯೇ ಲಿಂಗ ಮಾಡಿಟ್ಟು ಪೂಜೆ ಮಾಡುತ್ತೇವೆ. ಪೂಜೆಗೊಂಡ ತಿಗರಿಯನ್ನು ಹೆಂಗಸು ಮುಟ್ಟಬಾರದು ಎಂದು ನಾನು ಮಾಡಿದ ಕಾನೂನಲ್ಲ, ನಮ್ಮ ತಾತ ಮುತ್ತಾತಂದಿರು ನಡೆಸಿಕೊಂಡು ಬಂದದ್ದು. ನಿನ್ನಮ್ಮ ಹದಿನಾಲ್ಕು ವರ್ಷ ಈ ಮನೆಯಲ್ಲಿ ಮಣ್ಣು ತುಳಿದಳು, ಒಂದು ದಿನ ತಿಗರಿಯ ಕಡೆ ಕೈಚಾಚಲಿಲ್ಲ. ಅವಳಿಗಿಂತ ನೀನು ದೊಡ್ಡವಳೇನು?

ಏಳನೇ ಕ್ಲಾಸು ಓದಿಸಿದ್ದು ನನ್ನದೇ ತಪ್ಪು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ನನ್ನ ಯಜಮಾನಿಕೆಗೆ ನೀನೇ ದೊಣ್ಣೆಯಾಗಬೇಡ.

ಆವಲಪ್ಪ

ಆ ಯಂತ್ರ ಎಷ್ಟು ಎತ್ತರ ಇದೆಯಂತೆ? ಕುಕ್ಕರುಗಾಲಲ್ಲಿ ಕೂರುವುದೋ, ಸ್ಟೂಲಿನ ಮೇಲೋ? ಸುಮ್ಮನೆ ಕೇಳಿದೆ.


ಕೋಲಾರ
3-10-1982

ಅಪ್ಪ,

ಸ್ಟೂಲಿನ ಮೇಲೆ. ಮಂಡಿಗೆ ನೋವೇ ಇಲ್ಲ.

ಹೌದು, ಕೋಲಾರಕ್ಕೆ ಬಂದಿದ್ದೇನೆ. ಕಲಿಯುವುದು ಇವರು, ಅಡುಗೆ ಮಾಡಿ ಹಾಕುವುದಕ್ಕೆ ನಾನು ಎಂದು ಅತ್ತೆಗೆ ಹೇಳಿ ಹೊರಟೆವು. ಇಲ್ಲಿ ಅಡುಗೆ ಮಾಡುತ್ತಿರುವುದು ಇವರು, ಅದೂ ಒಂದೂವರೆ ಕೈಯಲ್ಲಿ. ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಎಂದು ಮರೆತು ಮತ್ತೊಮ್ಮೆ ಹಾಕುತ್ತಾರೆ. ಬೈಯುವುದಾದರೆ ಇಬ್ಬರಿಗೂ ಸೇರಿಸಿ ಬೈ.

ಮೊದಲ ದಿನ ಸ್ವಿಚ್ಚು ಒತ್ತಿದ ಕೂಡಲೇ ಮಣ್ಣಿನ ಮುದ್ದೆ ಹಾರಿ ಸಾಹೇಬರ ಬಿಳಿ ಅಂಗಿಗೆ ಬಡಿಯಿತು. ಎಲ್ಲರೂ ನಕ್ಕರು, ನನಗೆ ಅಳು ಬಂತು. ನಾಲ್ಕನೇ ದಿನ ಮುದ್ದೆ ಓಲಾಡದೆ ನಡುವಿಗೆ ನಿಂತಿತು. ಅಪ್ಪ, ಅದು ನಿಂತಾಗ ಕೈಗೆ ಏನು ಅನಿಸುತ್ತದೆ ಎಂದು ನಿನಗೆ ಗೊತ್ತು, ನಲವತ್ತು ವರ್ಷದಿಂದ ಗೊತ್ತು. ನನಗೆ ಒಂದು ದಿನವೂ ಹೇಳಿರಲಿಲ್ಲ. ಆ ಹೊತ್ತು ನಿನ್ನ ಮೇಲೆ ಬಂದ ಕೋಪ ಇಷ್ಟಿಷ್ಟಲ್ಲ.

ಇಲ್ಲಿ ನನಗೆ ನಿದ್ದೆ ಸರಿಯಾಗಿ ಇಲ್ಲ, ಊಟ ಸೇರುವುದಿಲ್ಲ. ಕರೆಂಟು ಹೋದರೆ ಎದ್ದು ಓಡಾಡುತ್ತೇನೆ, ಬಂದರೆ ಓಡಿಹೋಗಿ ಕೂರುತ್ತೇನೆ. ತಿಂಗಳ ಕೊನೆಗೆ ಯಂತ್ರ ನನ್ನ ಹೆಸರಿಗೆ ಬರೆಯುತ್ತಾರೆ. ಆದರೆ ನಿನ್ನ ಹೂಂ ಇಲ್ಲದೆ ಅದನ್ನು ಗೌನಿಪಲ್ಲಿಯ ಬೀದಿಗೆ ಇಳಿಸುವುದಕ್ಕೆ ಬಿಡುವುದಿಲ್ಲ. ಕಲಿತೂ ಕೈಕಟ್ಟಿ ಕೂರಬೇಕಾದೀತೆಂಬ ಭಯ ಎದೆಯಲ್ಲಿ ಕೂತಿದೆ.

ರತ್ನ


ದೇವರಾಯಸಮುದ್ರ
20-10-1982

ರತ್ನ,

ಹೋದ ಮಂಗಳವಾರ ಕೋಲಾರಕ್ಕೆ ಹೋಗಿದ್ದೆ. ನಿಮ್ಮ ಷೆಡ್ಡಿನ ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದೆ. ನೀನು ತಲೆ ಬಗ್ಗಿಸಿಕೊಂಡು ಕೆಲಸ ಮಾಡುತ್ತಿದ್ದೆ. ಮಾತಾಡಿಸದೆ ಬಂದುಬಿಟ್ಟೆ, ಯಾಕೆ ಎಂದು ಕೇಳಬೇಡ. ಮೊಣಕೈ ಜಾಸ್ತಿ ಎತ್ತುತ್ತೀಯ, ತೊಡೆಗೆ ಒತ್ತಿ ಹಿಡಿ.

ಎಂಟು ದಿನ ಯೋಚನೆ ಮಾಡಿದೆ. ನಮ್ಮ ತಿಗರಿ ಯಾಕೆ ತಿಗರಿ? ಗುಂಡಿ ತೋಡಿ, ಗೂಟ ನೆಟ್ಟು, ಪೂಜೆ ಮಾಡಿ ಶಿವನನ್ನು ಕೂರಿಸಿದ್ದಕ್ಕೆ. ಈ ಯಂತ್ರವೋ ಕಾರ್ಖಾನೆಯಲ್ಲಿ ಹುಟ್ಟಿ ಲಾರಿಯಲ್ಲಿ ಬಂದದ್ದು. ಹಿಟ್ಟಿನ ಗಿರಣಿಯ ತಂಗಿ. ಗಿರಣಿಗೆ ಹೆಂಗಸರು ಹೋಗುವುದಿಲ್ಲವೇ? ಪೂಜೆಗೊಳ್ಳದ ಕಬ್ಬಿಣಕ್ಕೆ ಕಟ್ಟಳೆ ಇಲ್ಲ. ನಮ್ಮವರು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುವವನು. ಇದನ್ನೇ ಬೇರೆ ಹಾಳೆಯಲ್ಲಿ ಬರೆದು ರುಜು ಹಾಕಿದ್ದೇನೆ, ಚನ್ನರಾಯಪ್ಪನ ಕೈಗೆ ಕೊಡು.

ಆದರೆ ಒಂದು ಮಾತು ನೆನಪಿಡು. ಆ ಯಂತ್ರಕ್ಕೆ ಯಾರೂ ಪೂಜೆ ಮಾಡಬಾರದು. ಅರಿಶಿನ, ಕುಂಕುಮ, ವಿಭೂತಿ, ಒಂದು ಊದುಬತ್ತಿಯೂ ಕೂಡದು. ಒಮ್ಮೆ ಪೂಜೆಯಾಯಿತೋ ಅದೂ ಶಿವನ ಪೀಠ, ನೀನು ಮುಟ್ಟುವ ಹಾಗಿಲ್ಲ. ಆಮೇಲೆ ನನ್ನನ್ನು ಕೇಳಬೇಡ.

ಆವಲಪ್ಪ


ಗೌನಿಪಲ್ಲಿ
18-2-1983

ಅಪ್ಪ,

ಸಂಕ್ರಾಂತಿ ಕಳೆದ ಮೇಲೆ ಯಂತ್ರ ಬಂತು. ಶ್ರೀನಿವಾಸಪುರದಲ್ಲಿ ಮೋಟಾರು ರಿಪೇರಿ ಮಾಡುವ ಅಜ್ಮತುಲ್ಲಾ ಸಾಬರು ಬಂದು ಕೂರಿಸಿಕೊಟ್ಟರು. ಕೆಲಸ ಮುಗಿಸಿ ಕೈ ಒರೆಸಿಕೊಂಡು, "ನಿಂಬೆಹಣ್ಣು ಇಡಲ್ವಾ ತಾಯಿ? ಬೋರ್‌ವೆಲ್ ಮೋಟ್ರಿಗೇ ಕಾಯಿ ಒಡೀತಾರೆ ಜನ" ಎಂದು ಅವರೇ ಕೇಳಿದರು. ನಾನು ಹೌಹಾರಿ ಬೇಡ ಬೇಡ ಎಂದೆ. ಈ ಮನೆಯವರಿಗೆ ತಲೆ ಕೆಟ್ಟಿದೆ ಎಂದುಕೊಂಡು ಹೋಗಿರಬೇಕು.

ಮೊದಲ ಸಲ ಸುಟ್ಟ ದಿನ ಅತ್ತೆ ಮನೆಯಲ್ಲಿ ಇರಲಿಲ್ಲ, ಒಡೆಯುವುದನ್ನು ನೋಡಲಾರೆ ಎಂದು ತಂಗಿಯ ಮನೆಗೆ ಹೋಗಿದ್ದರು. ನೂರಿಪ್ಪತ್ತರಲ್ಲಿ ಆರು ಬಿರುಕು ಬಿಟ್ಟಿದ್ದವು. ವಾಪಸು ಬಂದವರು ಒಂದೊಂದನ್ನೂ ಬೆರಳಲ್ಲಿ ತಟ್ಟಿ ನೋಡಿದರು. ಮಾರನೆಯ ದಿನ ನಾನು ಕೂರುವ ಮೊದಲೇ ಮಣ್ಣು ತುಳಿದು ಇಟ್ಟಿದ್ದರು.

ಸ್ವೀಟ್ ಅಂಗಡಿಗೆ ಮೊಸರಿನ ಕುಡಿಕೆ, ಬೆಂಗಳೂರಿನ ನರ್ಸರಿಗೆ ಹೂಕುಂಡ. ಮನೆಮನೆಗೂ ಪ್ಲಾಸ್ಟಿಕ್ ಬಿಂದಿಗೆ ಬಂದಿದೆ, ಬರೀ ನೀರಿನ ಗಡಿಗೆ ನಂಬಿಕೊಂಡರೆ ಆಗದು. ಕರೆಂಟು ಯಾವಾಗ ಬರುತ್ತದೋ ಆಗ ಕೆಲಸ. ಒಲೆಯ ಮೇಲೆ ಮುದ್ದೆ ಬಿಟ್ಟು ಓಡುತ್ತೇನೆ, ಇವರು ಎಡಗೈಯಲ್ಲಿ ತೊಳಸುತ್ತಾರೆ. ಮಂಡಿಯ ಕಾವಲಿನ ಮಾತು ನಿಂತಿದೆ.

ನೀನು ಯಾವಾಗ ಬರುತ್ತೀಯ? ಕಿಟಕಿಯಲ್ಲಿ ನಿಲ್ಲುವ ಹಾಗಿಲ್ಲ, ಒಳಗೆ ಬರಬೇಕು.

ರತ್ನ


ಗೌನಿಪಲ್ಲಿ
20-10-1983

ಅಪ್ಪ,

ನೀನು ಬರಲಿಲ್ಲ. ಮೂರು ಸಲ ಕರೆದೆ, ಮೂರು ಸಲವೂ ಕೆರೆಯ ಮಣ್ಣು ತರಬೇಕು, ಮಳೆ, ಮೈ ಸರಿಯಿಲ್ಲ ಎಂದೆ. ಈಗ ಕರೆಯುವುದಕ್ಕೆ ಬರೆಯುತ್ತಿಲ್ಲ.

ಆಯುಧಪೂಜೆಯ ದಿನ ನಾನು ಹೂಕುಂಡಗಳನ್ನು ಲಾರಿಗೆ ತುಂಬಿಸುವುದಕ್ಕೆ ಮುಳಬಾಗಿಲಿಗೆ ಹೋಗಿದ್ದೆ. ಮಧ್ಯಾಹ್ನ ಬರುವಷ್ಟರಲ್ಲಿ ಮನೆ ಮುಂದೆ ಜನ, ಕೈಯಲ್ಲಿ ಕಡಲೆಪುರಿ. ಒಳಗೆ ಹೋಗಿ ನೋಡಿದೆ. ಯಂತ್ರ ತೊಳೆದಿದೆ. ಮೂರು ಬೆರಳಿನ ವಿಭೂತಿ, ಕುಂಕುಮ, ಸೇವಂತಿಗೆ ಹಾರ, ಮೋಟಾರಿನ ಕೆಳಗೆ ನಿಂಬೆಹಣ್ಣು. ಅತ್ತೆ ನನ್ನ ಮುಖ ನೋಡಿ ನಗುತ್ತಾ, "ಸಂಕ್ರಾಂತಿಯಿಂದ ನಮಗೆಲ್ಲ ಅನ್ನ ಇಕ್ತು ಕಣಮ್ಮ. ಲಾರಿಗೆ ಮಾಡ್ತಾರೆ, ಹೊಲಿಗೆ ಮಿಷನ್ನಿಗೆ ಮಾಡ್ತಾರೆ. ಇದಕ್ ಮಾಡ್ದೆ ಬಿಟ್ರೆ ನಾನು ಮನುಷ್ಯಳಾ?" ಎಂದರು.

ನಿನ್ನ ಮಾತನ್ನು ಅವರು ಮರೆತಿರಲಿಲ್ಲ, ಅಪ್ಪ. ವಿಭೂತಿ ಹಚ್ಚಬಾರದು ಎಂದು ನೀನು ಹೇಳಿದ್ದು ಅದು ಕೀಳು ವಸ್ತು ಎಂಬ ಕಾರಣಕ್ಕೆ ಎಂದುಕೊಂಡಿದ್ದರು. ಒಂಬತ್ತು ತಿಂಗಳು ದುಡಿದು ತೋರಿಸಿತಲ್ಲ, ಇನ್ನು ಅದಕ್ಕೂ ಮರ್ಯಾದೆ ಸಲ್ಲಬೇಕು ಎಂದು ಮಾಡಿದರು. ಪ್ರೀತಿಯಿಂದ ಮಾಡಿದರು.

ಚನ್ನರಾಯಪ್ಪನವರು ಕಡಲೆಪುರಿ ತಿನ್ನುತ್ತಿದ್ದವರು ನಿಲ್ಲಿಸಿ, "ಆವಲಪ್ಪನ ಕಾಗದ ನನ್ ಪೆಟ್ಟಿಗೇಲೇ ಐತೆ. ಇನ್ನ ನೀನು ಮುಟ್ಟೋ ಹಂಗಿಲ್ಲಮ್ಮ" ಎಂದರು. ಆಗ ಅತ್ತೆಗೆ ಅರ್ಥವಾಯಿತು. "ಸರಿಪೋಯಿಂದಿ, ಎಲ್ಲ ಕೆಟ್ಟೋಯ್ತು, ನನ್ ಕೈಯಾರೆ ಮಾಡ್ದೆ" ಎಂದು ಹಣೆ ಚಚ್ಚಿಕೊಂಡರು. ಅಳಿಸಿಬಿಡುತ್ತೇನೆ ಎಂದರು, ಯಾರೂ ಬಿಡಲಿಲ್ಲ. ಪೀಠ ತೊಳೆದರೆ ಶಿವ ಎದ್ದುಹೋಗುತ್ತಾನೆಯೇ ಎಂದರು.

ಐದು ದಿನವಾಯಿತು. ನರ್ಸರಿಯವರು ಮುಂದಿನ ತಿಂಗಳಿಗೆ ಐನೂರು ಕುಂಡ ಹೇಳಿದ್ದಾರೆ. ಇದು ನಿನ್ನ ಕಟ್ಟಳೆ. ನೀನೇ ಕಟ್ಟಿದ್ದು, ನೀನೇ ಬಿಚ್ಚು.

ರತ್ನ


ಗೌನಿಪಲ್ಲಿ
18-11-1983

ಮಾವನವರಿಗೆ ಕದಿರೇಶ ಮಾಡುವ ನಮಸ್ಕಾರಗಳು.

ನೀವು ಒಂದು ತಿಂಗಳಿಂದ ಉತ್ತರ ಬರೆದಿಲ್ಲ. ಅವಳು ಇನ್ನು ಬರೆಯುವುದಿಲ್ಲ ಎಂದಿದ್ದಾಳೆ, ಅದಕ್ಕೆ ನಾನು. ಅಕ್ಷರ ವಕ್ರ, ಕ್ಷಮಿಸಿ.

ನಾನೇ ಯಂತ್ರದ ಮೇಲೆ ಕೂತು ನೋಡಿದೆ. ಬೆರಳು ಒತ್ತುವುದಿಲ್ಲ, ಗಡಿಗೆ ಒಂದು ಕಡೆ ವಾಲುತ್ತದೆ. ಅವಳು ಹೊಸ್ತಿಲಾಚೆ ನಿಂತು, "ಇನ್ನೂ ಒಳಕ್ಕೆ, ಒಳಕ್ಕೆ ಅಂದ್ನಲ್ಲ" ಎಂದು ಹೇಳಿಕೊಟ್ಟಳು. ಆಮೇಲೆ ಹೇಳುವುದನ್ನು ನಿಲ್ಲಿಸಿ ಹೊರಟುಹೋದಳು. ನರ್ಸರಿಯವರು ಬೇರೆ ಕಡೆ ಹೋದರು.

ಕರೆಂಟು ಬಂದರೆ ಅವಳು ಇದ್ದಲ್ಲಿಂದ ಏಳುತ್ತಾಳೆ. ಹೊಸ್ತಿಲವರೆಗೆ ಹೋಗುತ್ತಾಳೆ. ನಿಂತು ವಾಪಸು ಬರುತ್ತಾಳೆ. ದಿನಕ್ಕೆ ಎಷ್ಟು ಸಲ ಕರೆಂಟು ಬರುತ್ತದೋ ಅಷ್ಟು ಸಲ. ನಮ್ಮಮ್ಮ ಅದನ್ನು ನೋಡಲಾರದೆ ಅನ್ನ ಬಿಟ್ಟಿದ್ದಾಳೆ. ಜನವರಿಯಿಂದ ಮಂಡಿಗೆ ಬಾ ಎಂದಿದ್ದಾರೆ, ಯಂತ್ರವನ್ನು ಸರ್ಕಾರಕ್ಕೆ ವಾಪಸು ಬರೆದುಕೊಡುವುದೋ ಎಂದು ಯೋಚಿಸುತ್ತಿದ್ದೇನೆ.

ನೀವು ಹಿರಿಯರು, ನಿಮಗೆ ಹೇಳುವಷ್ಟು ದೊಡ್ಡವನಲ್ಲ. ಅವಳಿಗೆ ಒಂದು ಉತ್ತರ ಬರೆಯಿರಿ. ಬೈದಾದರೂ ಬರೆಯಿರಿ.

ನಿಮ್ಮ ಅಳಿಯ
ಕದಿರೇಶ


ದೇವರಾಯಸಮುದ್ರ
2-12-1983

ಮಗಳಿಗೆ,

ಈ ಕಾಗದವನ್ನು ಚನ್ನರಾಯಪ್ಪನ ಜಗುಲಿಯ ಮೇಲೆ, ಬೀದಿಯವರೆಲ್ಲ ಕೂತಿರುವಾಗ ಗಟ್ಟಿಯಾಗಿ ಓದು. ಒಂದು ಸಾಲೂ ಬಿಡಬೇಡ.

ಅಯ್ಯಾ ಚನ್ನರಾಯಪ್ಪ, ನಮ್ಮ ಕುಲದ ಮದುವೆಗಳಿಗೆ ಅರಿವೇಣಿ ಗಡಿಗೆ ಯಜಮಾನನ ತಿಗರಿಯಿಂದಲೇ ಹೋಗಬೇಕೆಂಬುದು ನಿಮಗೆಲ್ಲ ಗೊತ್ತು. ಆ ಗಡಿಗೆಗಳನ್ನು ಪೂಜೆ ಮಾಡಿ ಚಪ್ಪರಕ್ಕೆ ತಂದ ಮೇಲೆಯೇ ಧಾರೆ. 1960ರಲ್ಲಿ, ಮದುವೆಯ ತಿಂಗಳುಗಳಲ್ಲಿ, ನಾನು ವಿಷಮಜ್ವರ ಬಂದು ಮೂರು ತಿಂಗಳು ಮಂಚ ಹಿಡಿದಿದ್ದೆ. ಆ ಮೂರು ತಿಂಗಳಲ್ಲಿ ಇಪ್ಪತ್ತೆರಡು ಮದುವೆಗೆ ನನ್ನ ಮನೆಯಿಂದ ಗಡಿಗೆ ಹೋಯಿತು. ಅವುಗಳನ್ನು ಮಾಡಿದ್ದು ನನ್ನ ಹೆಂಡತಿ. ಬಾಗಿಲು ಹಾಕಿಕೊಂಡು, ಪೂಜೆಗೊಂಡ ನನ್ನ ತಿಗರಿಯ ಮೇಲೆಯೇ, ತಾನೇ ಕೋಲು ಹಾಕಿ ತಿರುಗಿಸಿಕೊಂಡು ಮಾಡಿದಳು. ನಾನು ಮಂಚದ ಮೇಲಿಂದ ನೋಡುತ್ತಿದ್ದೆ. ಅವಳಿಗೆ ಯಾರೂ ಕಲಿಸಿರಲಿಲ್ಲ. ನಾನು ಮಾಡುವುದನ್ನು ಐದು ವರ್ಷ ನೋಡಿದ್ದಳು, ಅಷ್ಟೇ.

ಚನ್ನರಾಯಪ್ಪ, ನಿನ್ನ ಮದುವೆಯ ಗಡಿಗೆಯೂ ಅದರಲ್ಲಿ ಸೇರಿದೆ. "ಈ ಸಲ ಆವಲಪ್ಪನ ಕೈ ಬೋ ನಾಜೂಕು" ಎಂದು ನಿಮ್ಮಪ್ಪ ನನ್ನ ಬೆನ್ನು ತಟ್ಟಿದ. ನಾನು ತಟ್ಟಿಸಿಕೊಂಡೆ.

ಅವಳ ಗಡಿಗೆ ನನ್ನದಕ್ಕಿಂತ ತೆಳುವಾಗಿತ್ತು, ಗಟ್ಟಿಯಾಗಿಯೂ ಇತ್ತು. ಕಟ್ಟಳೆ ಮುರಿಯಿತೆಂದು ನನಗೆ ಭಯವಾಗಲಿಲ್ಲ. ಹೊಟ್ಟೆಕಿಚ್ಚಾಯಿತು. ನನಗೆ ಎದ್ದು ನಿಲ್ಲುವ ಶಕ್ತಿ ಬಂದ ದಿನವೇ, "ಇಳಿ, ಇನ್ನು ಮುಟ್ಟಬೇಡ" ಎಂದೆ. ಅವಳು ಇಳಿದಳು. ಮತ್ತೆ ಕೇಳಲಿಲ್ಲ. ಆಮೇಲೆ ಒಂಬತ್ತು ವರ್ಷ ನನಗೆ ಮಣ್ಣು ತುಳಿದುಕೊಟ್ಟು ಸತ್ತಳು. ಅವಳು ತಿಗರಿಯ ಕಡೆ ಕೈಚಾಚಲಿಲ್ಲ ಎಂದು ಮಗಳಿಗೆ ಬರೆದದ್ದು ಸುಳ್ಳು. ಪೂಜೆ ಮಾಡದ ಯಂತ್ರಕ್ಕೆ ಕಟ್ಟಳೆ ಇಲ್ಲ ಎಂದು ಬರೆದದ್ದೂ ಈ ಸತ್ಯ ಹೇಳದೆ ತಪ್ಪಿಸಿಕೊಳ್ಳುವ ಉಪಾಯವೇ.

ಆ ಇಪ್ಪತ್ತೆರಡು ಮನೆಗಳಲ್ಲಿ ಯಾವ ಮನೆ ಬಿತ್ತು, ನೀವೇ ಹೇಳಿ. ಬಿದ್ದಿದ್ದರೆ ಶಿಕ್ಷೆ ನನಗೆ ಕೊಡಿ. ಬಿದ್ದಿಲ್ಲವಾದರೆ ನನ್ನ ಮಗಳನ್ನು ಕೂರಲು ಬಿಡಿ.

ಇದನ್ನೇ ನಿನ್ನೆ ಇಲ್ಲಿ ನಮ್ಮವರ ಮುಂದೆ ನಾನೇ ಓದಿದೆ. ಯಜಮಾನಿಕೆ ಇನ್ನು ಬೇಡ ಎಂದರು. ಸರಿ ಎಂದು ಎದ್ದು ಬಂದೆ.

ಆವಲಪ್ಪ


ಗೌನಿಪಲ್ಲಿ
11-12-1983

ಅಪ್ಪ,

ಓದಿದೆ. ಒಂದು ಸಾಲೂ ಬಿಡಲಿಲ್ಲ. ನಡುವೆ ಎರಡು ಸಲ ಇವರು ನೀರು ಕೊಟ್ಟರು.

ಓದಿ ಮುಗಿಸಿದಾಗ ಚನ್ನರಾಯಪ್ಪನವರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ಮತ್ತೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಗ ಅವರ ಹೆಂಡತಿ ಅಶ್ವತ್ಥಮ್ಮ ಬಾಗಿಲ ಹಿಂದಿನಿಂದ ಹೊರಗೆ ಬಂದರು. "ಇಪ್ಪತ್ಮೂರು ವರ್ಷ ಸಂಸಾರ ಮಾಡಿದೀನಿ, ಐದು ಮಕ್ಕಳನ್ನ ಹೆತ್ತಿದೀನಿ. ಆ ಗಡಿಗೆ ಆಗಿಬರಲ್ಲ ಅಂದ್ರೆ ಆ ಮದುವೇನೂ ಆಗಿಬರಲಿಲ್ಲ. ಇವರನ್ನ ಯಾರಿಗೆ ವಾಪಸ್ ಕೊಡ್ಲಿ, ಹೇಳ್ರಪ್ಪ" ಎಂದರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಗಂಡಸರಿಗೂ ನಗು ತಡೆಯಲಾಗಲಿಲ್ಲ. ಚನ್ನರಾಯಪ್ಪನವರು ಮಾತ್ರ ನಗಲಿಲ್ಲ. ನನ್ನ ಕಡೆ ತಿರುಗಿ, "ಯಾರಮ್ಮ ಮಾಡಿದ್ದು? ಹೆಸರೇನು ಆಯಮ್ಮಂದು?" ಎಂದು ಕೇಳಿದರು.

ಹೇಳಿದೆ. ಗಂಗರತ್ನಮ್ಮ ಎಂದೆ. ಅವರು ತೊಡೆಯ ಮೇಲಿನ ಟವೆಲು ಹೆಗಲಿಗೆ ಹಾಕಿಕೊಂಡು, "ಹೋಗು, ಕೂತ್ಕೋ ಹೋಗು" ಎಂದರು.

ಮಾರನೆಯ ಬೆಳಿಗ್ಗೆ ಕರೆಂಟು ಬಂದ ಕೂಡಲೇ ಕೂತೆ. ವಿಭೂತಿ ಅಳಿಸಲಿಲ್ಲ. ಎರಡು ತಿಂಗಳ ಮೇಲೆ ಕೂತದ್ದಕ್ಕೆ ಮೊದಲ ಎರಡು ಕೆಟ್ಟವು, ಆಮೇಲೆ ಹದಿನೈದು ಬಂದವು. ಅತ್ತೆ ಎದುರಿಗೇ ಕೂತು ಎಣಿಸಿದರು, ಅನ್ನವನ್ನೂ ಉಂಡರು. ಅಮ್ಮ ಕೂತಿದ್ದಳು ಎಂದು ತಿಳಿದು ಕೂರುವುದೇ ಬೇರೆ, ಅಪ್ಪ. ಸಂತೋಷವಾಯಿತು, ತುಂಬಾ. ಇಲ್ಲಿಗೆ ಕಾಗದ ಮುಗಿಸಬಹುದಿತ್ತು, ಮನಸ್ಸು ಒಪ್ಪುತ್ತಿಲ್ಲ.

ಅವಳು ಸಾಯುವಾಗ ನನಗೆ ಹನ್ನೆರಡು ವರ್ಷ. ಪಕ್ಕದಲ್ಲಿ ನಿಲ್ಲಿಸಿಕೊಂಡು ಮಣ್ಣು ತುಳಿಯುವುದನ್ನು ಕಲಿಸಿದಳು, ಕಲ್ಲು ಆರಿಸುವುದನ್ನು ಕಲಿಸಿದಳು. ತನಗೆ ಗಡಿಗೆ ಮಾಡಲು ಬರುತ್ತದೆ ಎಂದು ಒಂದು ಮಾತು ಹೇಳಲಿಲ್ಲ. ಹೇಳಬಾರದೆಂದು ನೀನು ಆಣೆ ಹಾಕಿಸಿದ್ದೆಯೋ, ಅವಳೇ ನುಂಗಿಕೊಂಡಳೋ ನನಗೆ ಗೊತ್ತಿಲ್ಲ. ಯಜಮಾನಿಕೆ ಬಿಟ್ಟುಕೊಟ್ಟು ನನ್ನನ್ನು ಉಳಿಸಿದೆ. ಅದಕ್ಕೆ ನಿನ್ನ ಕಾಲು ಮುಟ್ಟಿ ನಮಸ್ಕಾರ ಮಾಡುತ್ತೇನೆ. ಆದರೆ ಅಷ್ಟುದ್ದದ ಕಾಗದದಲ್ಲಿ ಅವಳ ಹೆಸರನ್ನು ನೀನು ಒಂದು ಸಲವೂ ಬರೆಯಲಿಲ್ಲ. ಅವಳ ಪಾಲಿನ ಒಂಬತ್ತು ವರ್ಷಕ್ಕೆ ಇಲ್ಲಿ ಯಾರೂ ತೀರ್ಪು ಹೇಳಲಾರರು.

ಬರುವ ಭಾನುವಾರ ಮೊದಲನೇ ಬಸ್ಸಿಗೆ ಬರುತ್ತೇನೆ. ಮಣ್ಣು ನೆನೆಸಿಡು. ಬೀದಿ ಬಾಗಿಲು ತೆಗೆದಿರಲಿ, ಯಾರು ಬೇಕಾದರೂ ನಿಂತು ನೋಡಲಿ. ನಿನ್ನ ತಿಗರಿಯ ಮೇಲೆ ನಾನು ಕೂತು ಗಡಿಗೆ ಮಾಡುತ್ತೇನೆ. ಕೋಲು ಹಾಕಿ ತಿರುಗಿಸಬೇಕಾದವನು ನೀನು.

ಗಂಗರತ್ನಮ್ಮನ ಮಗಳು
ರತ್ನ